ಅಜ್ಜಿಯ ಬೆರಳು, ಅರಿಶಿನ ಮತ್ತು ಒಂದು ಫೀಡ್‌ಬ್ಯಾಕ್ ಲೂಪ್

ಹೋದ ದಸರಾ ರಜೆಗೆ ಊರಿಗೆ ಹೋದಾಗ ಅಜ್ಜಿ ಚಪಾತಿ ಲಟ್ಟಿಸೋದನ್ನೇ ನಿಲ್ಲಿಸಿದ್ರು. ಬೆರಳಿನ ಗೆಣ್ಣುಗಳೆಲ್ಲ ಊದಿದ್ದವು. ಅವರಿಗೆ ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಒಂದು ಬಗೆಯ ಸಂಧಿವಾತ ಇರೋದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಎರಡು ತಿಂಗಳಿಂದ ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು, ಅರಿಶಿನದ ಕ್ಯಾಪ್ಸೂಲ್ ತಗೊಳ್ತಿದ್ದಾರೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. "ಅರಿಶಿನ ತಾನೇ, ಏನಾಗತ್ತೆ?" ಅಂದ್ರು. ನನ್ನ ಹತ್ರ ಉತ್ತರ ಇರಲಿಲ್ಲ. ಹಾಸ್ಟೆಲ್‌ಗೆ ಬಂದ ಮೇಲೆ ಕೂತು ಓದಿದೆ. ಅದನ್ನೇ ಇಲ್ಲಿ ಬರೀತಿದೀನಿ.

ಮೊದಲು ರಕ್ತನಾಳದ ವಿಷಯ. ರಕ್ತದಿಂದ ಹೊರಬಂದ ಆಮ್ಲಜನಕ ಡಿಫ್ಯೂಶನ್ ಮೂಲಕ ಸುಮಾರು 100ರಿಂದ 200 ಮೈಕ್ರೋಮೀಟರ್ ಮಾತ್ರ ಹೋಗಬಲ್ಲದು. ಅಂದರೆ ಎರಡು ಕೂದಲಿನ ದಪ್ಪದಷ್ಟು. ಅದಕ್ಕೇ ಹೊಸದಾಗಿ ಬೆಳೆಯೋ ಅಂಗಾಂಶಕ್ಕೆ ಹೊಸ ನಾಳಗಳು ಬೇಕೇ ಬೇಕು. ಆಮ್ಲಜನಕ ಕಡಿಮೆಯಾದಾಗ ಜೀವಕೋಶದೊಳಗೆ ಎಚ್‌ಐಎಫ್ ಅನ್ನೋ ಪ್ರೋಟೀನ್ ಜಾಸ್ತಿಯಾಗುತ್ತೆ. ಜೀವಕೋಶಗಳು ಆಮ್ಲಜನಕವನ್ನ ಹೇಗೆ ಗ್ರಹಿಸುತ್ತವೆ ಅಂತ ಕಂಡುಹಿಡಿದದ್ದಕ್ಕೇ 2019ರ ವೈದ್ಯಕೀಯ ನೊಬೆಲ್ ಬಂದಿದ್ದು. ಈ ಎಚ್‌ಐಎಫ್, ವಿಇಜಿಎಫ್ ಅನ್ನೋ ಇನ್ನೊಂದು ಪ್ರೋಟೀನ್ ತಯಾರಾಗೋ ಹಾಗೆ ಮಾಡುತ್ತೆ. "ಇಲ್ಲಿಗೆ ಪೈಪ್ ಲೈನ್ ಎಳೀರಿ" ಅಂತ ಅದು ಅರ್ಜಿ ಹಾಕಿದ ಹಾಗೆ. ಪಕ್ಕದ ರಕ್ತನಾಳದಿಂದ ಕವಲು ಒಡೆದು ಹೊಸ ನಾಳ ಬರುತ್ತೆ. ಇದಕ್ಕೆ ಆಂಜಿಯೋಜೆನೆಸಿಸ್ ಅಂತಾರೆ.

ಗಾಯ ಆದಾಗ ಇದು ಒಳ್ಳೇದೇ. ನಾಳ ಬಂತು, ಆಮ್ಲಜನಕ ಸಿಕ್ತು, ಅರ್ಜಿ ವಾಪಸ್. ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಲ್ಲಿ ಹೇಳೋ ನೆಗೆಟಿವ್ ಫೀಡ್‌ಬ್ಯಾಕ್ ಇದು.

ಅಜ್ಜಿಯ ಕೀಲಿನಲ್ಲಿ ಆಗ್ತಿರೋದು ಬೇರೆ. ಕೀಲಿನ ಒಳಗಡೆ ಸೈನೋವಿಯಂ ಅನ್ನೋ ತೆಳು ಪೊರೆ ಇರುತ್ತೆ. ರೋಗನಿರೋಧಕ ವ್ಯವಸ್ಥೆ ತಪ್ಪಾಗಿ ಅದರ ಮೇಲೇ ದಾಳಿ ಮಾಡಿದಾಗ ಅಲ್ಲಿ ರಕ್ಷಣಾ ಕೋಶಗಳು ಗುಂಪು ಸೇರುತ್ತವೆ. ಅವು ಟಿಎನ್‌ಎಫ್, ಐಎಲ್-6 ಥರದ ಉರಿಯೂತದ ಸಂದೇಶಗಳನ್ನ ಬಿಡುತ್ತವೆ. ಪೊರೆ ದಪ್ಪ ಆಗುತ್ತೆ. ದಪ್ಪ ಆದಷ್ಟೂ ಒಳಗೆ ಆಮ್ಲಜನಕ ಸಾಲಲ್ಲ, ವಿಇಜಿಎಫ್ ಏರುತ್ತೆ, ಹೊಸ ನಾಳ ಬರುತ್ತೆ. ಈ ಹೊಸ ನಾಳಗಳು ಸೋರುತ್ತವೆ, ಅದರಿಂದ ಊತ. ಜೊತೆಗೆ ಇದೇ ನಾಳಗಳಲ್ಲಿ ಇನ್ನಷ್ಟು ರಕ್ಷಣಾ ಕೋಶಗಳು ಬಂದಿಳಿಯುತ್ತವೆ. ಪೊರೆ ಮತ್ತೆ ದಪ್ಪ. ಇದು ಪಾಸಿಟಿವ್ ಫೀಡ್‌ಬ್ಯಾಕ್, ತಾನಾಗೇ ನಿಲ್ಲಲ್ಲ. ಹೀಗೆ ಬೆಳೆದ ಪೊರೆ ಕೊನೆಗೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯುತ್ತೆ. ಕೊರೆದುಹೋದ ಮೂಳೆ ಮೊದಲಿನ ಹಾಗೆ ಆಗಲ್ಲ.

ಈಗ ಅರಿಶಿನಕ್ಕೆ ಬರೋಣ. ಅದರ ಹಳದಿ ಬಣ್ಣಕ್ಕೆ ಕಾರಣ ಕರ್ಕ್ಯುಮಿನ್. ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿದರೆ ಅದು ಉರಿಯೂತದ ಮುಖ್ಯ ಸ್ವಿಚ್ ಆದ ಎನ್‌ಎಫ್-ಕಪ್ಪಾ-ಬಿಯನ್ನ ತಗ್ಗಿಸುತ್ತೆ. ಇಲಿಗಳ ಕಣ್ಣಿನಲ್ಲಿ ಹೊಸ ನಾಳ ಬೆಳೆಯೋದನ್ನ ಅದು ತಡೆದದ್ದು 1998ರಲ್ಲೇ ಪ್ರಕಟವಾಗಿದೆ. ಅಂದರೆ ಅಜ್ಜಿ ನಂಬಿಕೆ ಪೂರ್ತಿ ಸುಳ್ಳೇನಲ್ಲ.

ಸಮಸ್ಯೆ ಇರೋದು ಡೆಲಿವರಿಯಲ್ಲಿ. ಅದೇ 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಒಂದು ಅಧ್ಯಯನ ಪ್ರಕಟಿಸಿದರು. ಆರೋಗ್ಯವಂತರಿಗೆ 2 ಗ್ರಾಂ ಶುದ್ಧ ಕರ್ಕ್ಯುಮಿನ್ ಕೊಟ್ಟರೂ ರಕ್ತದಲ್ಲಿ ಅದು ಸಿಕ್ಕಿದ್ದು ತೀರಾ ಕಡಿಮೆ, ಕೆಲವೊಮ್ಮೆ ಅಳತೆಗೇ ಸಿಗಲಿಲ್ಲ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರೋದು ಸುಮಾರು 3%. ಲೆಕ್ಕ ಹಾಕಿ: 2 ಗ್ರಾಂ ಬೇಕಂದ್ರೆ 65 ಗ್ರಾಂಗಿಂತ ಜಾಸ್ತಿ ಪುಡಿ ತಿನ್ನಬೇಕು. ಸಾರಿಗೆ ಹಾಕೋ ಚಿಟಿಕೆ ಎಲ್ಲಿ, ಇದೆಲ್ಲಿ!

ಆ ಅಧ್ಯಯನದಲ್ಲೇ 20 ಮಿಲಿಗ್ರಾಂ ಪೈಪರಿನ್, ಅಂದರೆ ಕಾಳುಮೆಣಸಿನ ಖಾರದ ಅಂಶ ಸೇರಿಸಿದಾಗ ರಕ್ತಕ್ಕೆ ಸೇರೋ ಪ್ರಮಾಣ 2000% ಏರಿತು. ಅದಕ್ಕೇ ಎಷ್ಟೋ ಕ್ಯಾಪ್ಸೂಲ್‌ಗಳಲ್ಲಿ ಮೆಣಸಿನ ಸಾರ ಇರುತ್ತೆ. ಆದರೆ ಸೊನ್ನೆಗೆ ಹತ್ತಿರದ ಸಂಖ್ಯೆಯ 20 ಪಟ್ಟು ಕೂಡ ಸಣ್ಣದೇ. ಇನ್ನೊಂದು, ಪೈಪರಿನ್ ಇದನ್ನ ಮಾಡೋದು ಲಿವರ್ ಮತ್ತು ಕರುಳು ಔಷಧಗಳನ್ನ ಒಡೆಯೋ ಕೆಲಸವನ್ನ ತಡೆದು. ಆಗ ಬೇರೆ ಮಾತ್ರೆಗಳ ಪ್ರಮಾಣವೂ ರಕ್ತದಲ್ಲಿ ಏರಬಹುದು. ಇಂಥ ಕ್ಯಾಪ್ಸೂಲ್ ತಗೊಂಡು ಲಿವರ್‌ಗೆ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ.

ಹಾಗಂತ ಗಿಡದ ಔಷಧ ಅಂದ್ರೆ ವೇಸ್ಟ್ ಅಲ್ಲ. ಗೌಟ್ ರೋಗಕ್ಕೆ ಡಾಕ್ಟರ್‌ಗಳೇ ಬರೆಯೋ ಕಾಲ್ಚಿಸಿನ್ ಗಿಡದಿಂದಲೇ ಬಂದಿದ್ದು. ಆದರೆ ಅದರ ಡೋಸ್ ಮಿಲಿಗ್ರಾಂ ಲೆಕ್ಕದಲ್ಲಿ ಗೊತ್ತಿದೆ, ಜಾಸ್ತಿಯಾದರೆ ವಿಷ ಅನ್ನೋದೂ ಗೊತ್ತಿದೆ. ಗಿಡವೋ ಫ್ಯಾಕ್ಟರಿಯೋ ಅನ್ನೋದಕ್ಕಿಂತ, ಎಷ್ಟು ಕೊಟ್ಟರೆ ಎಷ್ಟು ತಲುಪುತ್ತೆ ಅನ್ನೋದೇ ಮುಖ್ಯ.

ಇದನ್ನೆಲ್ಲ ಅಜ್ಜಿಗೆ ಫೋನಲ್ಲಿ ಹೇಳಿದೆ. ವಿಇಜಿಎಫ್ ಅರ್ಥ ಆಗಲಿಲ್ಲ, ಪೈಪ್ ಲೈನ್ ಅರ್ಥ ಆಯ್ತು. ಅಪ್ಪ ಕ್ಯಾಪ್ಸೂಲ್ ಡಬ್ಬಿ ಸಮೇತ ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಮಾತ್ರೆ ಮತ್ತೆ ಶುರುವಾಗಿದೆ, ಊತ ಇಳಿದಿದೆ. ಆದರೆ ಬಲಗೈಯ ಒಂದು ಬೆರಳು ಇನ್ನೂ ನೆಟ್ಟಗಾಗಿಲ್ಲ. ರಾತ್ರಿ ಅರಿಶಿನದ ಹಾಲು ಮಾತ್ರ ಬಿಟ್ಟಿಲ್ಲ. ಅದಕ್ಕೆ ಡಾಕ್ಟರೂ ಬೇಡ ಅಂದಿಲ್ಲ. ನಿಮ್ಮನೇಲೂ ಇಂಥ ಡಬ್ಬಿ ಇದ್ರೆ, ಜೊತೆಗೆ ಯಾವ ಮಾತ್ರೆ ನಿಂತಿದೆ ಅಂತ ಒಂದ್ಸಲ ಕೇಳಿ ನೋಡಿ.