ಜನಶ್ರುತಿಯೂ ಮೂಲಪ್ರತಿಯೂ

ಹಳಗನ್ನಡ ಕಾವ್ಯಗಳನ್ನು ಬೋಧಿಸುತ್ತ ಆಯುಷ್ಯ ಕಳೆದ ನನಗೂ ಕಂಪ್ಯೂಟರಿನ ತಂತ್ರಾಂಶಕ್ಕೂ ಏನು ನಂಟೆಂದು ನೀವು ಕೇಳಬಹುದು. ನಮ್ಮ ಅರಕಲಗೂಡಿನಿಂದ ಎಷ್ಟೋ ಮಕ್ಕಳು ಆ ಉದ್ಯೋಗವನ್ನರಸಿ ಬೆಂಗಳೂರು ಸೇರಿದ್ದಾರೆ. ಅವರಲ್ಲೊಬ್ಬ, ನನ್ನ ಹಳೆಯ ಶಿಷ್ಯ, ಮೊನ್ನೆ ಮನೆಗೆ ಬಂದಿದ್ದ. “ಮೇಷ್ಟ್ರೇ, ಉತ್ತಮ ಪ್ರೋಗ್ರಾಮರ್ ಸಾಮಾನ್ಯನ ಹತ್ತು ಪಟ್ಟು ಕೆಲಸ ಮಾಡುತ್ತಾನಂತೆ. ಅದು ಹುಟ್ಟಿನಿಂದಲೇ ಬರಬೇಕಂತೆ. ನಾನು ಆ ಸಾಲಿನವನಲ್ಲ, ಕೆಲಸ ಬಿಟ್ಟುಬಿಡೋಣವೆನಿಸಿದೆ” ಎಂದ. ಆ ಎರಡು ‘ಅಂತೆ’ಗಳು ನನ್ನ ಕಿವಿಯಲ್ಲಿ ನಿಂತವು.

ಗ್ರಂಥಸಂಪಾದನೆಯಲ್ಲಿ ನಾವು ಕಲಿಯುವ ಮೊದಲ ಪಾಠವೊಂದುಂಟು. ಓಲೆಪ್ರತಿಗಳು ಎಷ್ಟೇ ದೊರೆಯಲಿ, ಅವೆಲ್ಲ ಒಂದೇ ಮಾತೃಕೆಯ ನಕಲುಗಳಾದರೆ ಸಾಕ್ಷಿ ಒಂದೇ. ಈ ಹತ್ತು ಪಟ್ಟಿನ ಮಾತಿಗೂ ಅದೇ ಒರೆಗಲ್ಲು ಸಲ್ಲುತ್ತದೆ.

ಈ ಮಾತಿಗೆ ಬೆಂಬಲವಾಗಿ ಪದೇಪದೇ ಉದ್ಧೃತವಾಗುವುದು ಅಮೆರಿಕದ ಸ್ಯಾಕ್‌ಮನ್, ಎರಿಕ್‌ಸನ್ ಮತ್ತು ಗ್ರಾಂಟ್ 1968ರಲ್ಲಿ ಪ್ರಕಟಿಸಿದ ಪ್ರಬಂಧ. ಅವರು ಅಳೆಯಹೊರಟದ್ದೇ ಬೇರೆ: ಯಂತ್ರದೊಡನೆ ನೇರ ಸಂಪರ್ಕದಲ್ಲಿ ಕುಳಿತು ಕೆಲಸ ಮಾಡುವುದು ಲೇಸೋ, ಕೆಲಸವನ್ನು ಒಪ್ಪಿಸಿ ಫಲಿತಾಂಶಕ್ಕೆ ಕಾಯುವುದು ಲೇಸೋ ಎಂಬುದು. ಅನುಭವಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿದ್ದವರು 12 ಮಂದಿ ಮಾತ್ರ. ಒಂದು ಲೆಕ್ಕದ ತಪ್ಪುಗಳನ್ನು ತಿದ್ದಲು ಅತಿ ನಿಧಾನಿಗೆ ಹಿಡಿದ ಕಾಲ ಅತಿ ಚುರುಕಿನವನದಕ್ಕಿಂತ 28 ಪಟ್ಟು. ಆದರೆ ಎಲ್ಲರೂ ಬಳಸಿದ ಪ್ರೋಗ್ರಾಮಿಂಗ್ ಭಾಷೆ ಒಂದೇ ಅಲ್ಲ, ಕೆಲಸದ ವಿಧಾನವೂ ಒಂದೇ ಅಲ್ಲ. ಒಬ್ಬನನ್ನು ಎತ್ತಿನ ಗಾಡಿಯಲ್ಲಿ, ಇನ್ನೊಬ್ಬನನ್ನು ಬಸ್ಸಿನಲ್ಲಿ ಹಾಸನಕ್ಕೆ ಕಳುಹಿಸಿ, ಯಾರು ಚುರುಕು ಎಂದು ಕೇಳಿದಂತಾಯಿತು. ಜರ್ಮನಿಯ ಲುಟ್ಸ್ ಪ್ರೆಷೆಲ್ಟ್ 1999ರಲ್ಲಿ ಅನೇಕ ಪ್ರಯೋಗಗಳ ಅಂಕಿಗಳನ್ನು ಒಟ್ಟಾಗಿ ಪರಿಶೀಲಿಸಿ, 28 ಎಂಬುದು ತಪ್ಪು ಎಣಿಕೆ, ದಾರಿ ತಪ್ಪಿಸುವ ಎಣಿಕೆ ಎಂದು ತೋರಿಸಿದರು.

ಹಾಗೆಂದು ಎಲ್ಲರೂ ಸಮಾನರೆಂದು ನಾನು ಹೇಳುತ್ತಿಲ್ಲ. ವ್ಯತ್ಯಾಸ ಉಂಟು. ಅದು ಎಲ್ಲಿದೆ ಎಂಬುದೇ ಪ್ರಶ್ನೆ. ವಿಲಿಯಂ ನಿಕೋಲ್ಸ್ ಅವರು 494 ಮಂದಿ ತಲಾ ಹತ್ತು ಪ್ರೋಗ್ರಾಮುಗಳನ್ನು ಬರೆದ ದಾಖಲೆಗಳನ್ನು ವಿಶ್ಲೇಷಿಸಿ 2019ರಲ್ಲಿ ಪ್ರಕಟಿಸಿದರು. ಕಂಡುಬಂದ ವ್ಯತ್ಯಾಸದಲ್ಲಿ ಸುಮಾರು ಅರ್ಧ ಮಾತ್ರ ವ್ಯಕ್ತಿ ವ್ಯಕ್ತಿಗಳ ನಡುವಿನದು. ಉಳಿದರ್ಧ, ಒಬ್ಬನೇ ವ್ಯಕ್ತಿಯ ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ನಡುವಿನದು. ಇಂದು ತಡವರಿಸಿದವನೇ ನಾಳೆ ಚುರುಕಾಗಬಲ್ಲ. ಒಂದು ದಿನದ ಕೆಲಸ ನೋಡಿ ಒಬ್ಬನ ಹಣೆಬರಹ ಓದಲಾಗದು.

ಇದನ್ನೆಲ್ಲ ಹೇಳಿದಾಗ ಶಿಷ್ಯ, “ಹಾಗಾದರೆ ದೊಡ್ಡವರೆಲ್ಲ ಹೀಗೇಕೆ ಹೇಳುತ್ತಾರೆ?” ಎಂದ. ಅವರೂ ಕೇಳಿದ್ದನ್ನೇ ಹೇಳುತ್ತಾರೆ. ಇನ್ನು ಮುಂದೆ ಯಾರಾದರೂ ‘ಅಂತೆ’ ಎಂದರೆ, ಅಳೆದವರು ಯಾರು, ಎಷ್ಟು ಮಂದಿಯನ್ನು, ಯಾವ ಉದ್ದೇಶದಿಂದ ಎಂಬ ಮೂರು ಪ್ರಶ್ನೆ ಕೇಳು ಎಂದೆ. ಅವನು ಮರುದಿನ ಬೆಳಗಿನ ಬಸ್ಸಿಗೆ ಬೆಂಗಳೂರಿಗೆ, ತನ್ನ ಕೆಲಸಕ್ಕೆ ಹಿಂದಿರುಗಿದ.