ಬೊಕ್ಕಸದಲ್ಲಿ ಉಳಿದ ಹಣ ಯಾರದು?

ಸೇವಾ ಕ್ಲಬ್ಬುಗಳ ವಾರದ ಸಭೆಯ ವರದಿ ನಮ್ಮಂಥ ಕಿರಿಯ ವರದಿಗಾರರ ಪಾಲಿಗೇ ಬರುವ ಕೆಲಸ. ಹಿರಿಯರು ಜಿಲ್ಲಾ ಪಂಚಾಯ್ತಿ ಸಭೆಗೆ ಹೊರಡುತ್ತಾರೆ. ನಮ್ಮ ಕೈಗೆ ಆಹ್ವಾನ ಪತ್ರಿಕೆ ಕೊಟ್ಟು ‘ಹೋಗಿ ಬಾ, ಮೂರು ಸಾಲು ಸಾಕು’ ಎನ್ನುತ್ತಾರೆ. ಜುಲೈ ಮೊದಲ ವಾರ ಅಂಥದೊಂದು ಸಭೆಗೆ ಹೋಗಿದ್ದೆ. ಅಧ್ಯಕ್ಷರು ಕೊರಳಿಗೆ ಪದಕದ ಪಟ್ಟಿ ಹಾಕಿಕೊಂಡು ಗಂಟೆ ಬಾರಿಸಿದರು. ಪ್ರಾರ್ಥನೆ ಆಯಿತು. ಹುಟ್ಟುಹಬ್ಬದವರಿಗೆ ಗುಲಾಬಿ ಕೊಟ್ಟದ್ದಾಯಿತು. ಆಮೇಲೆ ಖಜಾಂಚಿ ಎದ್ದು ನಿಂತು ಹಿಂದಿನ ವರ್ಷದ ಲೆಕ್ಕ ಓದಿ, ಮೂರು ಸಾವಿರದ ಚಿಲ್ಲರೆ ರೂಪಾಯಿ ಉಳಿದಿದೆಯೆಂದು ಹೇಳಿದರು. ಚಪ್ಪಾಳೆ ಬಿತ್ತು.

ಮುಂದಿನ ಸಾಲಿನಲ್ಲಿದ್ದ ಹಿರಿಯ ವೈದ್ಯರೊಬ್ಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ‘ಉಳಿಸಿದ್ದಕ್ಕೆ ಚಪ್ಪಾಳೆ ಯಾಕಪ್ಪಾ? ನಾವು ಚಂದಾ ಎತ್ತಿದ್ದು ಕಣ್ಣಿನ ಶಿಬಿರಕ್ಕೆ. ದುಡ್ಡು ಉಳಿದಿದೆ ಅಂದರೆ ಯಾರದೋ ಕಣ್ಣಿಗೆ ಆಪರೇಷನ್ ಆಗಲಿಲ್ಲ ಅಂತ ತಾನೆ ಅರ್ಥ?’ ಎಂದರು.

ಅಂದಿನ ಉಪನ್ಯಾಸಕರು ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕರು. ಅವರು ನಗುತ್ತ, ‘ನನ್ನ ಭಾಷಣದ ಅರ್ಧವನ್ನು ಡಾಕ್ಟರೇ ಮುಗಿಸಿಬಿಟ್ಟರು’ ಎಂದರು. ಅವರಿಗೆ ಕೊಟ್ಟಿದ್ದ ವಿಷಯ ‘ಸರ್ಕಾರದ ಮಿಗತೆ ಬಜೆಟ್’. ವಿಷಯದ ಹೆಸರು ಕೇಳಿ ಹಿಂದಿನ ಸಾಲಿನಲ್ಲಿ ಕಣ್ಣು ಮುಚ್ಚಿದ್ದ ಇಬ್ಬರು ಎಚ್ಚರಗೊಂಡದ್ದು ಆಗಲೇ.

ಇಂಥ ಕ್ಲಬ್ಬುಗಳು ಹುಟ್ಟಿದ್ದು ಅಮೆರಿಕದಲ್ಲಿ. 1905ರಲ್ಲಿ ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲ ಮೂವರು ಗೆಳೆಯರನ್ನು ಸೇರಿಸಿಕೊಂಡು ರೋಟರಿ ಆರಂಭಿಸಿದರು. ಒಂದು ವಾರ ಒಬ್ಬರ ಕಚೇರಿ, ಇನ್ನೊಂದು ವಾರ ಇನ್ನೊಬ್ಬರದು ಎಂದು ಸಭೆ ಸುತ್ತುತ್ತಿದ್ದುದರಿಂದ ಆ ಹೆಸರು. 1917ರಲ್ಲಿ ಲಯನ್ಸ್ ಬಂತು. ಕಲ್ಕತ್ತದಲ್ಲಿ ರೋಟರಿ ಅಧಿಕೃತವಾಗಿ ನೆಲೆಯೂರಿದ್ದು 1920ರಲ್ಲಿ. ಊಟ ಅಥವಾ ಚಹಾ, ಜೊತೆಗೆ ಅರ್ಧ ಗಂಟೆಯ ಉಪನ್ಯಾಸ ಎನ್ನುವ ಕ್ರಮ ಅಂದಿನಿಂದಲೂ ಬದಲಾಗಿಲ್ಲ. ಉಪನ್ಯಾಸ ಮಧುಮೇಹದ ಮೇಲಿರಬಹುದು, ಮಂಗಳಯಾನದ ಮೇಲಿರಬಹುದು. ಕೊನೆಯಲ್ಲಿ ಸ್ಮರಣಿಕೆಯೊಂದು ಖಂಡಿತ.

ಮಿಗತೆ ಎಂದರೇನು? ಒಂದು ವರ್ಷದಲ್ಲಿ ಸರ್ಕಾರಕ್ಕೆ ಬಂದ ವರಮಾನ ಅದು ಮಾಡಿದ ಖರ್ಚಿಗಿಂತ ಹೆಚ್ಚಾದರೆ ಉಳಿಯುವುದೇ ಮಿಗತೆ. ಕಡಿಮೆಯಾದರೆ ಕೊರತೆ. ಕೇಳಲು ಸುಲಭ, ಮನೆಯ ಲೆಕ್ಕದ ಹಾಗೆಯೇ. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಉಳಿದದ್ದು ಲಾಭ, ಅದು ಅಂಗಡಿಯವನದು. ಸರ್ಕಾರದ ಹಣ ವ್ಯಾಪಾರದಿಂದ ಬಂದದ್ದಲ್ಲ, ತೆರಿಗೆಯಿಂದ ಬಂದದ್ದು. ಆ ವರ್ಷ ಜನರಿಂದ ತೆಗೆದುಕೊಂಡಷ್ಟನ್ನು ಯಾವ ರೂಪದಲ್ಲೂ ಅವರಿಗೆ ಹಿಂದಿರುಗಿಸಲಿಲ್ಲ ಎಂಬುದೇ ಮಿಗತೆಯ ಇನ್ನೊಂದು ಮುಖ. ಹಳೆಯ ಸಾಲವಿದ್ದರೆ ಅದನ್ನು ತೀರಿಸಿ ಬಡ್ಡಿಯ ಹೊರೆ ಇಳಿಸಬಹುದು. ಬೆಲೆಗಳು ಒಂದೇ ಸಮನೆ ಏರುತ್ತಿರುವಾಗ ಪೇಟೆಯಲ್ಲಿ ಹರಿದಾಡುವ ಹಣವನ್ನು ಸ್ವಲ್ಪ ಹಿಂದೆಗೆದುಕೊಂಡ ಹಾಗೂ ಆಗುತ್ತದೆ. ಆದ್ದರಿಂದ ಮಿಗತೆಯೇ ತಪ್ಪು ಎನ್ನಲಾಗದು. ಯಾವ ಕಾಲದಲ್ಲಿ, ಯಾರ ಕಿಸೆಯಿಂದ ಬಂದದ್ದು ಎಂದು ಕೇಳಬೇಕು ಎಂದರು ಮೇಷ್ಟ್ರು. ಹಾಗೆ ಕೇಳಿದವರೊಬ್ಬರ ಕಥೆಯನ್ನೂ ಹೇಳಿದರು.

1902ರ ಮಾರ್ಚ್ 26. ಕಲ್ಕತ್ತದಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಅವರ ಮುಂದೆ ಶಾಸನ ಸಭೆ ಕೂಡಿತ್ತು. ಹಣಕಾಸು ಸದಸ್ಯ ಸರ್ ಎಡ್ವರ್ಡ್ ಲಾ ಮಂಡಿಸಿದ್ದ ಲೆಕ್ಕದಲ್ಲಿ ಸುಮಾರು ಏಳು ಕೋಟಿ ರೂಪಾಯಿ ಮಿಗತೆ! ಭಾರತದ ಹಣಕಾಸಿನ ಚರಿತ್ರೆಯಲ್ಲಿ ಅಷ್ಟು ದೊಡ್ಡ ಉಳಿತಾಯ ಅದುವರೆಗೆ ಆಗಿರಲಿಲ್ಲ. ಅಭಿನಂದನೆಗಳು ಸಂದವು. ಮುಂಬಯಿ ಪ್ರಾಂತ್ಯದಿಂದ ಹೊಸದಾಗಿ ಬಂದಿದ್ದ ಗೋಪಾಲಕೃಷ್ಣ ಗೋಖಲೆ ಎದ್ದು ನಿಂತರು. ವಯಸ್ಸು ಇನ್ನೂ 36 ತುಂಬಿರಲಿಲ್ಲ. ಈ ಅಭಿನಂದನೆಯಲ್ಲಿ ತಾನು ಮನಃಪೂರ್ವಕವಾಗಿ ಸೇರಲಾರೆ ಎಂಬುದೇ ಅವರ ಮೊದಲ ಮಾತು. ಜನರ ಸ್ಥಿತಿಗೂ ಬೊಕ್ಕಸದ ಸ್ಥಿತಿಗೂ ಸಂಬಂಧವೇ ಇಲ್ಲವೆಂಬುದನ್ನು ಈ ಮಿಗತೆ ತೋರಿಸುತ್ತದೆ ಎಂದು ಅವರು ವಾದಿಸಿದರು.

ಹಿಂದಿನ ಆರು ವರ್ಷಗಳನ್ನು ನೆನೆದರೆ ಆ ಮಾತಿನ ತೂಕ ತಿಳಿಯುತ್ತದೆ. 1896-97ರಲ್ಲಿ ಬರ, 1899-1900ರಲ್ಲಿ ಮತ್ತೆ ಬರ, ನಡುವೆ ಪ್ಲೇಗು. ವಿಜಾಪುರ, ಧಾರವಾಡ, ಬೆಳಗಾವಿ, ಉತ್ತರ ಕನ್ನಡ ಜಿಲ್ಲೆಗಳು ಆಗ ಗೋಖಲೆಯವರು ಪ್ರತಿನಿಧಿಸುತ್ತಿದ್ದ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು. ದನಕರು ಮಾರಿ, ಊರು ಬಿಟ್ಟು, ಬರಗಾಲದ ಕಾಮಗಾರಿಗಳಲ್ಲಿ ಕಲ್ಲು ಒಡೆದ ಜನರ ದೇಶದಲ್ಲಿ ಸರ್ಕಾರದ ಕೈಯಲ್ಲಿ ವರ್ಷ ವರ್ಷವೂ ಕೋಟಿಗಟ್ಟಲೆ ಉಳಿಯುತ್ತಿದೆ. ಇದು ಹೇಗೆ ಸಾಧ್ಯ?

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಓದುಗರು ತಾಳ್ಮೆಗೆಡಬಾರದು. ಭಾರತ ಸರ್ಕಾರ ಪ್ರತಿವರ್ಷ ಇಂಗ್ಲೆಂಡಿಗೆ ದೊಡ್ಡ ಮೊತ್ತ ಕಳಿಸಬೇಕಿತ್ತು. ಲಂಡನ್ ಕಚೇರಿಯ ಖರ್ಚು, ಸಾಲದ ಬಡ್ಡಿ, ನಿವೃತ್ತ ಅಧಿಕಾರಿಗಳ ಪಿಂಚಣಿ ಮುಂತಾದ ಬಾಬುಗಳಿದ್ದ ಇದಕ್ಕೆ ‘ಹೋಂ ಚಾರ್ಜಸ್’ ಎಂದು ಹೆಸರು. ಕೊಡಬೇಕಾದದ್ದು ಪೌಂಡುಗಳಲ್ಲಿ, ಇಲ್ಲಿ ವಸೂಲಾಗುವುದು ರೂಪಾಯಿಗಳಲ್ಲಿ. ಬೆಳ್ಳಿಯ ಬೆಲೆ ಕುಸಿಯುತ್ತ ಬಂದು 1894-95ರ ಹೊತ್ತಿಗೆ ಒಂದು ರೂಪಾಯಿಗೆ ಸುಮಾರು 13 ಪೆನ್ನಿ ಮಾತ್ರ ಸಿಗುತ್ತಿತ್ತು. ಆಗ ಪೌಂಡಿಗೆ 240 ಪೆನ್ನಿ. ಎಂದರೆ ಒಂದು ಪೌಂಡ್ ಕಳಿಸಲು ಹದಿನೆಂಟೂವರೆ ರೂಪಾಯಿ ಬೇಕು. ಈ ಕುಸಿತದ ಕಾಲದಲ್ಲಿ ಸರ್ಕಾರ ತೆರಿಗೆ ಏರಿಸುತ್ತ ಹೋಯಿತು. 1886ರಲ್ಲಿ ಆದಾಯ ತೆರಿಗೆ ಬಂತು. 1888ರಲ್ಲಿ ಉಪ್ಪಿನ ಸುಂಕ ಮಣಕ್ಕೆ ಎರಡು ರೂಪಾಯಿಯಿಂದ ಎರಡೂವರೆಗೆ ಏರಿತು. ಆಗಿನ ಸರ್ಕಾರಿ ಮಣವೆಂದರೆ ಸುಮಾರು 37 ಕಿಲೊ.

ಮುಂದೆ ಕಥೆ ತಿರುಗಿತು. 1893ರಲ್ಲಿ ಸರ್ಕಾರ ಜನರ ಬೆಳ್ಳಿಯನ್ನು ಟಂಕಸಾಲೆಯಲ್ಲಿ ನಾಣ್ಯ ಮಾಡಿಕೊಡುವುದನ್ನು ನಿಲ್ಲಿಸಿತ್ತು. ಚಲಾವಣೆಯಲ್ಲಿ ರೂಪಾಯಿ ವಿರಳವಾಯಿತು, ಬೆಲೆ ಏರಿತು. ಶತಮಾನ ಮುಗಿಯುವ ಹೊತ್ತಿಗೆ ಒಂದು ರೂಪಾಯಿಗೆ 16 ಪೆನ್ನಿ. ಅದೇ ಪೌಂಡ್ ಕಳಿಸಲು ಈಗ ಹದಿನೈದೇ ರೂಪಾಯಿ ಸಾಕು. ಪ್ರತಿ ಪೌಂಡಿಗೆ ಮೂರೂವರೆ ರೂಪಾಯಿ ಉಳಿಯಿತು. ಹಾಗಾದರೆ ಏರಿಸಿದ್ದ ತೆರಿಗೆ ಇಳಿಯಬೇಕಿತ್ತು, ಅಲ್ಲವೇ? ಇಳಿಯಲಿಲ್ಲ. ಮಿಗತೆಯ ಗುಟ್ಟು ಇಲ್ಲಿತ್ತು. ಆಡಳಿತದ ಜಾಣತನವೂ ಅಲ್ಲ, ದೇಶದ ಸಮೃದ್ಧಿಯೂ ಅಲ್ಲ. ರೂಪಾಯಿ ದುಬಾರಿಯಾದ ಮೇಲೆ ರೈತನ ಬೆಳೆಗೆ ಸಿಗುವ ರೂಪಾಯಿ ಕಡಿಮೆ, ಕಟ್ಟಬೇಕಾದ ಕಂದಾಯ ಮಾತ್ರ ಅಷ್ಟೇ ರೂಪಾಯಿ. ಹೀಗಾಗಿ ಅವನಿಗೆ ಎರಡು ಬಗೆಯ ಪೆಟ್ಟು.

ಗೋಖಲೆ ಈ ಭಾಷಣಕ್ಕೆ ಪಟ್ಟ ಶ್ರಮ ನಮ್ಮಂಥ ಪತ್ರಕರ್ತರಿಗೆ ನಾಚಿಕೆ ತರಿಸುವಂಥದು. ಗಣೇಶ ವೆಂಕಟೇಶ ಜೋಶಿ ಎಂಬ ಶಾಲಾ ಮುಖ್ಯೋಪಾಧ್ಯಾಯರು ಅಂಕಿಅಂಶ ಹೊಂದಿಸುವುದರಲ್ಲಿ ಅವರಿಗೆ ನೆರವಾಗಿದ್ದರು. ಸರ್ಕಾರದ್ದೇ ಕಡತಗಳ ಅಂಕಿಗಳನ್ನು ಸರ್ಕಾರದ ಎದುರಿಗೇ ಇಟ್ಟಿದ್ದರಿಂದ ಸುಳ್ಳೆನ್ನಲು ಯಾರಿಗೂ ದಾರಿಯಿರಲಿಲ್ಲ. 1903ರಲ್ಲಿ ಉಪ್ಪಿನ ಸುಂಕ ಎರಡು ರೂಪಾಯಿಗೆ ಇಳಿಯಿತು, 1905ರಲ್ಲಿ ಒಂದೂವರೆಗೆ, 1907ರಲ್ಲಿ ಒಂದು ರೂಪಾಯಿಗೆ. ಆದಾಯ ತೆರಿಗೆಯ ವಿನಾಯಿತಿ ಮಿತಿ ವರ್ಷಕ್ಕೆ 500 ರೂಪಾಯಿ ಇದ್ದದ್ದು 1903ರಲ್ಲಿ ಸಾವಿರವಾಯಿತು. ಎಲ್ಲವೂ ಒಬ್ಬರ ಭಾಷಣದಿಂದಲೇ ಆಯಿತೆನ್ನುವುದು ಅತಿಯಾದೀತು. ಆದರೆ ಬಜೆಟ್ ಮೇಲೆ ಮಾತಾಡುವುದು ದೇಶಸೇವೆಯ ಒಂದು ದಾರಿ ಎಂದು ಭಾರತೀಯರಿಗೆ ತೋರಿಸಿದ್ದು ಅದೇ ಭಾಷಣ. ಡಿ.ವಿ. ಗುಂಡಪ್ಪನವರು 1945ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ವಿಷಯಗಳ ಅಧ್ಯಯನಕ್ಕೆ ಸಂಸ್ಥೆ ಕಟ್ಟಿದಾಗ ಅದಕ್ಕೆ ಗೋಖಲೆಯವರ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಅಮೆರಿಕದ ಕಥೆ ಬೇರೆ ಬಗೆಯದು. ಅಲ್ಲಿ ಮಿಗತೆಯೇ ಹಲವು ಸಲ ರಾಜಕೀಯ ಜಗಳವಾಗಿದೆ. ಅಧ್ಯಕ್ಷ ಆಂಡ್ರ್ಯೂ ಜ್ಯಾಕ್ಸನ್ ಕಾಲದಲ್ಲಿ, 1835ರಲ್ಲಿ, ಕೇಂದ್ರ ಸರ್ಕಾರ ತನ್ನ ಸಾಲವನ್ನೆಲ್ಲ ತೀರಿಸಿಬಿಟ್ಟಿತು. ಉಳಿದ ಹಣವನ್ನು ರಾಜ್ಯಗಳಿಗೆ ಹಂಚಲು ಹೊರಟರೆ, 1837ರ ಆರ್ಥಿಕ ಕುಸಿತ ಬಂದು ನಾಲ್ಕನೆಯ ಕಂತು ಕೊಡಲಾಗಲೇ ಇಲ್ಲ. 1887ರಲ್ಲಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ತಮ್ಮ ವಾರ್ಷಿಕ ಸಂದೇಶವನ್ನು ಪೂರ್ತಿ ಇದೊಂದೇ ವಿಷಯಕ್ಕೆ ಮೀಸಲಿಟ್ಟರು. ಬೊಕ್ಕಸ ತುಂಬುತ್ತಿದೆ, ಆಮದು ಸುಂಕ ಇಳಿಸಿ ಎಂಬುದು ಅವರ ಮಾತು. ಮರುವರ್ಷ ಹೆಚ್ಚು ಜನರ ಮತ ಪಡೆದೂ ಚುನಾವಣೆ ಸೋತರು.

ನಮಗೆ ಹತ್ತಿರದ ಉದಾಹರಣೆ 1998ರದು. ಇಪ್ಪತ್ತೊಂಬತ್ತು ವರ್ಷಗಳ ಬಳಿಕ ಆ ವರ್ಷ ಅಮೆರಿಕ ಸರ್ಕಾರಕ್ಕೆ ಮಿಗತೆ ಬಂತು, ಸುಮಾರು 6,900 ಕೋಟಿ ಡಾಲರ್. 2000ದಲ್ಲಿ ಅದು 23,600 ಕೋಟಿಗೆ ಏರಿತು. ನ್ಯೂಯಾರ್ಕಿನಲ್ಲಿ ರಾಷ್ಟ್ರದ ಸಾಲವನ್ನು ಕ್ಷಣಕ್ಷಣಕ್ಕೂ ತೋರಿಸಲೆಂದು 1989ರಲ್ಲಿ ನಿಲ್ಲಿಸಿದ್ದ ದೊಡ್ಡ ಫಲಕವಿತ್ತು. ಸಾಲ ಇಳಿಯತೊಡಗಿದ್ದರಿಂದ ಆ ವರ್ಷ ಅದನ್ನು ಮುಚ್ಚಿಹಾಕಿದರು. ವೃದ್ಧರ ಪಿಂಚಣಿಗೆ ಮೊದಲು ಭದ್ರತೆ ಮಾಡೋಣ ಎಂದರು ಕ್ಲಿಂಟನ್. ಇದು ಜನರ ಹಣ, ಜನರಿಗೇ ಮರಳಿಸೋಣ ಎಂದರು ಬುಷ್. ಮುಂದಿನ ಹತ್ತು ವರ್ಷಗಳಲ್ಲಿ 5.6 ಲಕ್ಷ ಕೋಟಿ ಡಾಲರ್ ಮಿಗತೆ ಬರುತ್ತದೆಂದು 2001ರ ಜನವರಿಯಲ್ಲಿ ಸಂಸತ್ತಿನ ಬಜೆಟ್ ಕಚೇರಿ ಅಂದಾಜು ಮಾಡಿತ್ತು. ಅದನ್ನು ನಂಬಿ ಜೂನ್‌ನಲ್ಲಿ ತೆರಿಗೆ ಕಡಿತದ ಕಾನೂನು ಆಯಿತು. ಷೇರು ಪೇಟೆ ಆಗಲೇ ಕುಸಿದಿತ್ತು. ಸೆಪ್ಟೆಂಬರ್‌ನಲ್ಲಿ ಭಯೋತ್ಪಾದಕ ದಾಳಿ, ಹಿಂದೆಯೇ ಯುದ್ಧದ ಖರ್ಚು. 2002ರ ಲೆಕ್ಕದಲ್ಲಿ 15,800 ಕೋಟಿ ಡಾಲರ್ ಕೊರತೆ. ಆ ವರ್ಷ ಜುಲೈನಲ್ಲಿ ಫಲಕದ ಪರದೆ ಸರಿಸಿ ಮತ್ತೆ ಚಾಲೂ ಮಾಡಿದರು. 2001ರ ನಂತರ ಅಲ್ಲಿ ಮಿಗತೆ ಬಂದಿಲ್ಲ. ಇನ್ನೂ ಕೈಗೆ ಬಾರದ ಹಣವನ್ನು ಹಂಚುವ ಬಗ್ಗೆ ಅವರು ಜಗಳವಾಡಿದ್ದರು!

ನಮ್ಮ ರಾಜ್ಯದ್ದು ಏನು ಎಂದು ಜವಳಿ ವ್ಯಾಪಾರಿಯೊಬ್ಬರು ಕೇಳಿದರು. ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಎರಡು ಗೆರೆ ಎಳೆದರು. ಸರ್ಕಾರದ ಲೆಕ್ಕದಲ್ಲಿ ಎರಡು ಭಾಗ. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿಯಂಥ ದಿನನಿತ್ಯದ ಬಾಬುಗಳು ರಾಜಸ್ವ ಲೆಕ್ಕ. ರಸ್ತೆ, ಅಣೆಕಟ್ಟು, ಕಟ್ಟಡ ಬಂಡವಾಳ ಲೆಕ್ಕ. ಕರ್ನಾಟಕ 2002ರಲ್ಲಿ ದೇಶದಲ್ಲೇ ಮೊದಲಿಗೆ ವಿತ್ತೀಯ ಹೊಣೆಗಾರಿಕೆ ಕಾಯಿದೆ ಮಾಡಿತು. 2004-05ರಿಂದ ಕೋವಿಡ್ ಬರುವವರೆಗೆ ಅದರ ರಾಜಸ್ವ ಲೆಕ್ಕದಲ್ಲಿ ಮಿಗತೆ ಇತ್ತು. ಆ ವರ್ಷಗಳಲ್ಲೂ ರಾಜ್ಯ ಸಾಲ ತೆಗೆಯುತ್ತಲೇ ಇತ್ತು, ಏಕೆಂದರೆ ಬಂಡವಾಳ ವೆಚ್ಚಕ್ಕೆ ಆ ಉಳಿತಾಯ ಸಾಲದು. ಸಂಬಳದಲ್ಲಿ ಮನೆಖರ್ಚು ಕಳೆದು ಸ್ವಲ್ಪ ಉಳಿಸಿದವನು ಮನೆ ಕಟ್ಟಲು ಬ್ಯಾಂಕಿಗೆ ಹೋದಂತೆ. ‘ಮಿಗತೆ ಬಜೆಟ್’ ಎಂಬ ತಲೆಬರಹ ಓದಿ ಸರ್ಕಾರದ ಕೈಯಲ್ಲಿ ಹಣ ಕೊಳೆಯುತ್ತಿದೆ ಎಂದುಕೊಳ್ಳುವವರು ಈ ವ್ಯತ್ಯಾಸವನ್ನು ಗಮನಿಸಬೇಕು. ತಲೆಬರಹ ಕೊಡುವ ನಾವೂ ಗಮನಿಸಬೇಕು, ಬಿಡಿ.

2023-24ರ ಸಾಲಿಗೆ ರಾಜ್ಯದಲ್ಲಿ ಎರಡು ಬಜೆಟ್ ಬಂದವು. ಫೆಬ್ರವರಿಯಲ್ಲಿ ಬಸವರಾಜ ಬೊಮ್ಮಾಯಿ ಮಂಡಿಸಿದ್ದರಲ್ಲಿ 402 ಕೋಟಿ ರೂಪಾಯಿ ರಾಜಸ್ವ ಮಿಗತೆ. ಚುನಾವಣೆ ಕಳೆದು ಜುಲೈನಲ್ಲಿ ಸಿದ್ದರಾಮಯ್ಯ ಮಂಡಿಸಿದ್ದರಲ್ಲಿ 12,522 ಕೋಟಿ ಕೊರತೆ. ಐದು ಗ್ಯಾರಂಟಿಗಳ ಹಣ ಅದರಲ್ಲಿ ಸೇರಿತ್ತು. ವರ್ಷ ಅದೇ, ಜನವೂ ಅವರೇ. ಒಬ್ಬರು ಶಿಸ್ತು ಎಂದು ಕರೆದದ್ದನ್ನು ಇನ್ನೊಬ್ಬರು ಜಿಪುಣತನ ಎನ್ನುತ್ತಾರೆ, ಒಬ್ಬರ ನ್ಯಾಯ ಇನ್ನೊಬ್ಬರಿಗೆ ದುಂದು.

ಪ್ರಶ್ನೋತ್ತರದಲ್ಲಿ ಕಂಟ್ರಾಕ್ಟರೊಬ್ಬರು ಎದ್ದರು. ‘ಮೇಷ್ಟ್ರೇ, ಮಾರ್ಚ್‌ನಲ್ಲಿ ಕೊಡಬೇಕಾದ ನನ್ನ ಬಿಲ್ಲನ್ನು ಏಪ್ರಿಲ್‌ಗೆ ತಳ್ಳಿದರೆ ಅದೂ ಉಳಿತಾಯವೇ?’ ಸಭೆ ನಕ್ಕಿತು. ಮೇಷ್ಟ್ರು ನಗಲಿಲ್ಲ. ಸರ್ಕಾರದ ಲೆಕ್ಕ ನಗದು ಲೆಕ್ಕ. ಹಣ ಕೈಬಿಟ್ಟ ದಿನವೇ ಖರ್ಚು. ಕೊಡದ ಬಿಲ್ಲು, ತುಂಬದ ಹುದ್ದೆ, ಬಿಡುಗಡೆಯಾಗದ ಅನುದಾನ ಎಲ್ಲವೂ ಆ ವರ್ಷದ ಮಟ್ಟಿಗೆ ಉಳಿತಾಯವಾಗಿಯೇ ಕಾಣುತ್ತವೆ ಎಂದರು. ಹೋದ ವರ್ಷ ಸರ್ಕಾರಿ ಶಾಲೆಯೊಂದಕ್ಕೆ ಕ್ಲಬ್ಬಿನ ವತಿಯಿಂದ ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸಿದ್ದ ಸದಸ್ಯೆಯೊಬ್ಬರು, ‘ಹಾಗಾದರೆ ನಾವು ಕಟ್ಟಿಸಿದ್ದೂ ಸರ್ಕಾರದ ಮಿಗತೆಗೆ ಸೇರಿತೋ?’ ಎಂದು ಕೇಳಿದರು. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸೇರಿತಮ್ಮ’ ಎಂದರು.

ಸ್ಮರಣಿಕೆ ಕೊಟ್ಟು ವಂದನಾರ್ಪಣೆ ಮುಗಿದ ಮೇಲೆ ಕ್ಲಬ್ಬಿನ ಮೂರು ಸಾವಿರದ ವಿಷಯ ಮತ್ತೆ ಎದ್ದಿತು. ಬ್ಯಾಂಕಿನಲ್ಲಿ ಠೇವಣಿ ಇಡೋಣ ಎಂದರು ಖಜಾಂಚಿ. ಈ ವರ್ಷದ ಚಂದಾ ಅಷ್ಟು ಕಡಿಮೆ ಮಾಡಿ ಎಂದರು ಜವಳಿ ವ್ಯಾಪಾರಿ. ಡಾಕ್ಟರು ಶಿಬಿರವನ್ನೇ ಹಿಡಿದು ಕೂತರು. ತೀರ್ಮಾನವಾಗದೆ ಅಧ್ಯಕ್ಷರು ಮುಂದಿನ ವಾರಕ್ಕೆ ಮುಂದೂಡಿ ಗಂಟೆ ಬಾರಿಸಿದರು.