ಸಡಿಲವಾಗಬಾರದ ಒಂದು ನಿಯಮ

ಕಚೇರಿಯ ವಾತಾವರಣ ನಿರಾಳವಾದರೆ ಅಲ್ಲಿ ತಯಾರಾಗುವ ತಂತ್ರಾಂಶದ ಗುಣಮಟ್ಟ ಕುಸಿಯುವುದೆ? ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಉದಾಹರಣೆಯನ್ನು ಗಮನಿಸಿ.

1994ರಲ್ಲಿ ಬಂದ ನೆಟ್‌ಸ್ಕೇಪ್ ಬ್ರೌಸರ್ ಬಹುಬೇಗ ಜನಪ್ರಿಯವಾಯಿತು. 1998ರಲ್ಲಿ ಕಂಪನಿಯು ಮೊಸಿಲ್ಲ ಯೋಜನೆಯ ಮೂಲಕ ತನ್ನ ಆಕರ ಸಂಕೇತವನ್ನು ಎಲ್ಲರಿಗೂ ತೆರೆಯಿತು. ಅದೇ ವರ್ಷ ಅದರ ಬಹುಭಾಗವನ್ನು ಹೊಸದಾಗಿ ಬರೆಯಲು ನಿರ್ಧರಿಸಲಾಯಿತು. 1999ರ ಮಾರ್ಚ್‌ನಲ್ಲಿ ಎಒಎಲ್ ಕಂಪನಿಯು ನೆಟ್‌ಸ್ಕೇಪನ್ನು ಕೊಂಡಿತು. ಆಗ ಕೆಲಸ ಬಿಟ್ಟ ತಂತ್ರಜ್ಞ ಜೇಮಿ ಜವಿನ್‌ಸ್ಕಿ ಸಮಸ್ಯೆ ಹಳೆಯದೆಂದರು: ಕಂಪನಿಯನ್ನು ಗೆಲ್ಲಿಸಲು ಬರುವವರು ಬೇರೆ, ಗೆದ್ದ ಕಂಪನಿಯಲ್ಲಿ ನೌಕರಿಗೆಂದು ಬರುವವರು ಬೇರೆ.

5ನೇ ಆವೃತ್ತಿ ಬರಲೇ ಇಲ್ಲ. 2000ದ ನವೆಂಬರ್‌ನಲ್ಲಿ ಬಂದ 6ನೇ ಆವೃತ್ತಿ ನಿಧಾನವಾಗಿತ್ತು, ದೋಷಪೂರ್ಣವಾಗಿತ್ತು. ಕಾರಣ ಸರಳ. ಅದಕ್ಕೆ ಆಧಾರವಾದ ಮೊಸಿಲ್ಲ ಸಂಕೇತ 1.0 ಹಂತ ತಲುಪಿದ್ದು 2002ರ ಜೂನ್‌ನಲ್ಲಿ! ಅದೇ ಸಂಕೇತ ಪರೀಕ್ಷೆ, ದೋಷದಾಖಲೆ, ತಿದ್ದುಪಡಿಗಳಿಂದ ಪಕ್ವವಾಗಿ, 2004ರಲ್ಲಿ ಫೈರ್‌ಫಾಕ್ಸ್ ಆಗಿ ಮೆಚ್ಚುಗೆ ಗಳಿಸಿತು.

ಆದ್ದರಿಂದ ಉಡುಪು, ಕೆಲಸದ ವೇಳೆ ಸಡಿಲವಿರಲಿ; ಪರೀಕ್ಷೆ ಮುಗಿಯದೆ ಬಿಡುಗಡೆ ಇಲ್ಲ ಎಂಬ ನಿಯಮ ಮಾತ್ರ ಬಿಗಿಯಾಗಿರಲಿ. ನಿಮ್ಮ ವಿದ್ಯಾರ್ಥಿಗಳು ಪ್ರೋಗ್ರಾಮ್ ಬರೆದಾಗ, ಅದನ್ನು ಇನ್ನೊಬ್ಬ ವಿದ್ಯಾರ್ಥಿಯಿಂದ ಪರೀಕ್ಷೆ ಮಾಡಿಸಿದ ನಂತರವೇ ಸ್ವೀಕರಿಸಿ.